ಡಿಜೆ ಹುಚ್ಚು ಬಿಡಿಸಿ ಅಂದರು, ನಾನು ಕಿವಿ ತೋರಿಸಿ ಅಂದೆ

ಹುಡುಗನ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮಂಡ್ಯದ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಿದ್ದರು. ಕೂರುವ ಮೊದಲೇ ಹೇಳಿದರು: "ಇವನಿಗೆ ಡಿಜೆ ಹುಚ್ಚು ಹಿಡಿದೈತೆ ಮೇಡಂ. ಹೆಂಗಾದ್ರೂ ಬುಡ್ಸಿ."

ಹುಡುಗನಿಗೆ 22 ವರ್ಷ. ಬಿಕಾಂನಲ್ಲಿ ಎರಡು ಪೇಪರ್ ಬಾಕಿ. ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ, ಹಗಲು ನಿದ್ದೆ. ಕಬ್ಬಿಗೆ ನೀರು ಕಟ್ಟೋಕೆ ಕರೆದರೆ ಏಳುವುದಿಲ್ಲ. ಅಪ್ಪನ ಜತೆ ನಾಲ್ಕು ತಿಂಗಳಿಂದ ಮಾತೇ ಇಲ್ಲ.

ತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನ ಜತೆ ಮಾತಿಗೆ ಕೂತೆ. ಹತ್ತು ನಿಮಿಷವಾದರೂ 'ಹೂಂ', 'ಇಲ್ಲ' ಬಿಟ್ಟು ಬೇರೆ ಮಾತಿಲ್ಲ. ಕೊನೆಗೆ, "ಎರಡು ಹಾಡು ಕೂಡಿಸ್ತೀಯಲ್ಲ, ಅದು ಹೇಗಪ್ಪಾ? ನಂಗೊಂಚೂರು ತೋರಿಸು" ಅಂದೆ.

ತಕ್ಷಣ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿಕೊಂಡ. ಜನ ಕುಣಿಯುತ್ತಿರುವ ಹಾಡು ಎಡಗಿವಿಗೆ, ಮುಂದೆ ಬರಬೇಕಾದ ಹಾಡು ಬಲಗಿವಿಗೆ. ಒಂದರ ಬಡಿತ ನಿಮಿಷಕ್ಕೆ 124, ಇನ್ನೊಂದರದ್ದು 128. ಹಾಡಿನ ವೇಗ ಬದಲಿಸುವ ಸ್ಲೈಡರನ್ನು ಕೂದಲೆಳೆಯಷ್ಟು ಸರಿಸಿದ. ಎರಡೂ ಒಂದೇ ಹೆಜ್ಜೆಗೆ ಬಂದವು. ಆಗ ಅವನ ಮುಖ ನೋಡಬೇಕಿತ್ತು!

ಆಮೇಲೆ ತಾನು ಮಾಡಿದ ಚಿತ್ರ ತೋರಿಸಿದ. ಸ್ಟೇಜಿನ ಹಿಂದಿನ ಎಲ್‌ಇಡಿ ಪರದೆಗೆ ಅಂತ ಬ್ಲೆಂಡರ್‌ನಲ್ಲಿ ಮಾಡಿದ್ದು. ಅದು ದುಡ್ಡು ಕೊಡದೇ ಸಿಗುವ ಸಾಫ್ಟ್‌ವೇರ್, ಫೋನಿನಲ್ಲಿ ವಿಡಿಯೋ ನೋಡಿಯೇ ಕಲಿತಿದ್ದಾನೆ. ಪೂಜಾ ಕುಣಿತದಲ್ಲಿ ತಲೆಯ ಮೇಲೆ ಹೊರುತ್ತಾರಲ್ಲ, ಆ ಬಿದಿರಿನ ಪೂಜೆ. ಬಟ್ಟೆಯ ಅಲಂಕಾರ, ದೇವಿಯ ಮುಖ ಎಲ್ಲ ಇದೆ. ತಮಟೆಯ ಒಂದೊಂದು ಏಟಿಗೂ ಬಟ್ಟೆಯ ಅಂಚು ಅದುರುತ್ತದೆ. ಇದನ್ನು ಹುಚ್ಚು ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟಾಗ ಮಾತ್ರ ಬೆಚ್ಚಿಬಿದ್ದೆ. ಅಷ್ಟು ಜೋರು ಸದ್ದು.

"ಮನೆಗೆ ಹೋದ ಮೇಲೆ ಕಿವಿ ಗುಂಯ್ ಅನ್ನುತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಲಗಿವೀಲಿ ಎರಡು ತಿಂಗಳಿಂದ ನಿಲ್ತಾನೇ ಇಲ್ಲ ಮೇಡಂ. ಲೈಟ್ ಆರಿಸಿ ಮಲಗಿದ್ರೆ ಜಾಸ್ತಿ. ಮನೇಲಿ ಹೇಳಿದ್ರೆ ಇದನ್ನೇ ನೆಪ ಮಾಡ್ಕೊಂಡು ಡಿಜೆ ಬಿಡಿಸ್ತಾರೆ ಅಂತ ಹೇಳಿಲ್ಲ."

ಅಲ್ಲಿತ್ತು ನಿದ್ದೆಯ ಗುಟ್ಟು. ಸುತ್ತ ನಿಶ್ಶಬ್ದವಾದಷ್ಟೂ ಕಿವಿಯ ಸದ್ದು ಎದ್ದು ಕೇಳುತ್ತದೆ. ಅದನ್ನು ಮರೆಯೋಕೆ ಅವನು ಬೆಳಗಿನ ಜಾವದವರೆಗೆ ಹಾಡು ಹಾಕಿಕೊಂಡು ಕೂರುತ್ತಿದ್ದ. ಮನೆಯವರ ಕಣ್ಣಿಗೆ ಅದು ಹುಚ್ಚು. ಭಯವನ್ನು ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ ಪಾಪ.

ಡಿಜೆ ಬಿಡು ಅಂತ ನಾನು ಹೇಳಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ, ಅದೇ ಆಯಿಷ್‌ಗೆ, ಈ ವಾರವೇ ಹೋಗು ಅಂದೆ. ಕಿವಿಯ ಪರೀಕ್ಷೆ ಮುಗಿಯುವವರೆಗೆ ಜೋರು ಸದ್ದಿನ ಹತ್ತಿರ ಸುಳಿಯಬೇಡ ಅಂದೆ. ಲೆಕ್ಕವನ್ನೂ ಹೇಳಿದೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುತ್ತಾರೆ. ಅದರ ಮೇಲೆ 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಹೋದರೆ ಬರೀ 15 ನಿಮಿಷ. ಇವನು ಮದುವೆ ಮನೆಗಳಲ್ಲಿ ಸ್ಪೀಕರ್ ಪಕ್ಕದಲ್ಲೇ ಮೂರು ಗಂಟೆ ನಿಲ್ಲುತ್ತಾನೆ! ತಾಯಿಗೆ ಕಿವಿಯ ವಿಷಯ ಅವನೇ ಹೇಳಬೇಕು ಅಂದೆ. ಹೇಳಿದ. ಆ ತಾಯಿ ಬೈಯಲಿಲ್ಲ, ಅವನ ಕಿವಿ ಮುಟ್ಟಿ ನೋಡಿದರು.

ಮೂರನೇ ಸಲ ಅಪ್ಪನೂ ಬಂದರು. ರಿಪೋರ್ಟ್ ಬಂದಿತ್ತು. ಬಲಗಿವಿಯಲ್ಲಿ ಕೀರಲು ಸದ್ದು ಕೇಳುವುದು ಸ್ವಲ್ಪ ಕಡಿಮೆಯಾಗಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಸಂಗೀತಗಾರರು ಹಾಕುವಂಥ ಇಯರ್‌ಪ್ಲಗ್ ಇಲ್ಲದೆ ಕಾರ್ಯಕ್ರಮಕ್ಕೆ ಹೋಗಬಾರದು. ರಾತ್ರಿ ಫ್ಯಾನಿನ ಸದ್ದಿನಲ್ಲಿ ಮಲಗಬೇಕು, ಎಷ್ಟು ಹೊತ್ತಿಗೆ ಬಂದರೂ ಏಳುವ ಹೊತ್ತು ಒಂದೇ ಇರಬೇಕು. ಹಾಡು ಕೂಡಿಸುವ ಯಂತ್ರಕ್ಕೆ, ಅಂದರೆ ಹೊಸ ಕಂಟ್ರೋಲರ್‌ಗೆ, ಸಾಲ ಬೇಡ. ಬಂದ ದುಡ್ಡು, ಪೆಟ್ರೋಲಿಗೆ ಹೋದದ್ದು ಎಲ್ಲ ಆರು ತಿಂಗಳು ಬರೆದಿಡಲಿ, ಉಳಿದರೆ ಅದರಲ್ಲೇ ಕೊಳ್ಳಲಿ. ಎರಡು ಪೇಪರ್ ಮುಗಿಸಲೇಬೇಕು. ಇದನ್ನೆಲ್ಲ ಅಪ್ಪನ ಎದುರಿಗೇ ಮಾತಾಡಿ ಒಪ್ಪಿಸಿದೆ.

ಅಪ್ಪನಿಗೆ ಹೇಳಿದ್ದು ಒಂದೇ: "ಮಗ ಏನು ಮಾಡ್ತಾನೆ ಅಂತ ಒಂದು ಸಲ ನೋಡಿ. ಆಮೇಲೆ ಬೈಯಿರಿ."

ಅವರು ಪರದೆ ನೋಡಿದರು. ವಯಸ್ಸಿನಲ್ಲಿ ಊರಹಬ್ಬಕ್ಕೆ ಪೂಜೆ ಹೊತ್ತವರಂತೆ, ನನಗೆ ಗೊತ್ತಿರಲಿಲ್ಲ. ತುಂಬಾ ಹೊತ್ತು ನೋಡಿ ಅಂದರು: "ಹಿಂಗೆ ನೆಟ್ಟಗೆ ತಿರುಗಾಕಿಲ್ಲ ಕಣ್ಲಾ. ಭಾರ ಇರ್ತದಲ್ಲ, ತಿರುಗ್ದಾಗ ಒಂದು ಕಡೆಗೆ ವಾಲ್ತದೆ. ಕತ್ತು ಕೊಟ್ಟು ತಡೀಬೇಕು."

"ಎಷ್ಟು ವಾಲ್ತದೆ?" ಅಂದ ಮಗ. ಅಪ್ಪ ಎದ್ದು ನಿಂತು, ಅಂಗೈಯನ್ನು ತಲೆಯ ಮೇಲಿಟ್ಟು ತೋರಿಸಿದರು.

ಹೋದ ವಾರ ಹುಡುಗ ಬಂದಿದ್ದ. ಒಂದು ಪೇಪರ್ ಬರೆದಿದ್ದಾನೆ, ಇನ್ನೊಂದು ಬಾಕಿ. ಗುಂಯ್ ಅನ್ನುವುದು ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ. ಪರದೆಯ ಮೇಲಿನ ಪೂಜೆ ಈಗ ವಾಲುತ್ತದೆ.