.223 ತೋಟಾ ಹಂದಿ, ಜಿಂಕೆ, ನೀಲಗಾಯಿಗೆ ಸಾಕಾ? ಮನೆಯ .22 ಹೊಲದ ಹಂದಿಗೆ ನಡೆಯುತ್ತಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಡಿಸೆಂಬರ್‌ನಲ್ಲಿ ಟೆಕ್ಸಾಸ್‌ಗೆ ಹೋದಾಗ ಅಲ್ಲಿರುವ ನಿಮ್ಮ ಕಾಕಾನ ಮಗ ತನ್ನ .223 ರೈಫಲ್ ಕೊಟ್ಟು ಹಂದಿ, ಜಿಂಕೆ, ಆಮೇಲೆ ನೀಲಗಾಯಿ ಬೇಟೆ ಮಾಡಿಸ್ತೀನಿ ಅಂದಿದ್ದಾನೆ. ಅಷ್ಟು ಸಣ್ಣ ತೋಟಾ ಸಾಕಾ? ಎರಡನೆಯದು, ಶಹಾಪುರದ ಹತ್ತಿರ ನಿಮ್ಮ ಶೇಂಗಾ ಹೊಲ ಕೆದರಿ ಹೋಗುವ ಹಂದಿಗೆ ಅಜ್ಜನ ಕಾಲದ .22 ನಡೆಯುತ್ತಾ? ಮೊದಲು ಉತ್ತರ ಹೇಳಿಬಿಡ್ತೀನಿ: .223 ಹಂದಿಗೂ ಜಿಂಕೆಗೂ ಷರತ್ತಿನ ಮೇಲೆ ಸಾಕು, ನೀಲಗಾಯಿಗೆ ಬೇಡವೇ ಬೇಡ. ಮನೆಯ .22 ಯಾವುದಕ್ಕೂ ಅಲ್ಲ.

ಈ ಸಂಖ್ಯೆಗಳು ಗುಂಡಿನ ದಪ್ಪವನ್ನು ಇಂಚಿನಲ್ಲಿ ಹೇಳುತ್ತವೆ; .22 ಮತ್ತು .223 ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮದ್ದಿನಲ್ಲಿ. ಸಾಮಾನ್ಯ .22 ಎಲ್‌ಆರ್ (ಲಾಂಗ್ ರೈಫಲ್) ತೋಟಾ 40 ಗ್ರೇನ್, ಅಂದರೆ 2.6 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಬಿಡುತ್ತದೆ. ನಳಿಗೆಯ ಬಾಯಲ್ಲಿ ಅದರ ಶಕ್ತಿ 180 ಜೌಲ್ ಆಸುಪಾಸು. .223ರಲ್ಲಿ 55 ಗ್ರೇನ್ ಗುಂಡು ಸೆಕೆಂಡಿಗೆ 990 ಮೀಟರ್ ಹತ್ತಿರ ಹೋಗುತ್ತದೆ, ಶಕ್ತಿ ಸುಮಾರು 1,740 ಜೌಲ್. ದೊಡ್ಡ ಬೇಟೆಗೆ ಬಳಸುವ .308ರ 150 ಗ್ರೇನ್ ಗುಂಡಿಗೆ ಸುಮಾರು 3,590 ಜೌಲ್. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ .315 ನಿಧಾನದ್ದು, ಆದರೆ ಅದರ ಗುಂಡು 244 ಗ್ರೇನ್ ಭಾರ.

ಆದರೆ ಪ್ರಾಣಿಯನ್ನು ಕೊಲ್ಲುವುದು ಜೌಲ್ ಅಲ್ಲ. ಗುಂಡು ಒಡೆಯದೆ ಒಳಗೆ ಹೋಗಿ, ಸ್ವಲ್ಪ ಅರಳಿ, ಎರಡೂ ಪುಪ್ಪುಸಗಳನ್ನೋ ಹೃದಯವನ್ನೋ ಹರಿದರೆ ರಕ್ತದೊತ್ತಡ ಬಿದ್ದು ಪ್ರಾಣಿ ಕೆಲವೇ ಸೆಕೆಂಡಿನಲ್ಲಿ ಕುಸಿಯುತ್ತದೆ. ಗುಂಡು ಅಲ್ಲಿಯವರೆಗೆ ತಲುಪುತ್ತದಾ ಅನ್ನುವುದೇ ಪ್ರಶ್ನೆ. .223ರ ಸೋಲು ಗೆಲುವು ನಿಂತಿರುವುದು ಇಲ್ಲಿ.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ .223 ತೋಟಾಗಳು ಎರಡು ಬಗೆ. ಒಂದು, ನರಿ, ಕಯೋಟಿಯಂಥ ಸಣ್ಣ ಪ್ರಾಣಿಗೆ ಮಾಡಿದ ತೆಳು ಕವಚದ ಗುಂಡು. ಅದು ತಾಗಿದ ಕೂಡಲೇ ಚೂರಾಗುವಂತೆ ಬೇಕೆಂದೇ ಮಾಡಿದ್ದು. ಬಲಿತ ಗಂಡುಹಂದಿಯ ಭುಜ ಮತ್ತು ಪಕ್ಕೆಲುಬಿನ ಮೇಲೆ ನಾರುಗಟ್ಟಿದ ದಪ್ಪ ಚರ್ಮದ ಗುರಾಣಿಯೇ ಇರುತ್ತದೆ. ಈ ಗುಂಡು ಅದರಲ್ಲೇ ಪುಡಿಯಾಗುತ್ತದೆ. ಹೊರಗೆ ಅಂಗೈಯಗಲ ಗಾಯ, ಒಳಗೆ ಪುಪ್ಪುಸಕ್ಕೆ ಏನೂ ಆಗಿರುವುದಿಲ್ಲ. ಹಂದಿ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಇನ್ನೊಂದು, ಪೂರ್ತಿ ಲೋಹ ಕವಚದ ಮಿಲಿಟರಿ ಮಾದರಿ. ಅದು ಅರಳುವುದೇ ಇಲ್ಲ. ಕೆಲವೊಮ್ಮೆ ಪೆನ್ಸಿಲ್ ದಪ್ಪದ ತೂತು ಮಾಡಿ ಆಚೆ ಹೋಗುತ್ತದೆ, ಕೆಲವೊಮ್ಮೆ ಒಳಗೆ ಮಗುಚಿ ಒಡೆಯುತ್ತದೆ, ನೆಚ್ಚಿಕೊಳ್ಳುವ ಹಾಗಿಲ್ಲ. ದೊಡ್ಡ ಪ್ರಾಣಿಗೆ ಅರಳುವ ಗುಂಡನ್ನೇ ಬಳಸಬೇಕು ಅಂತ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನೇ ಇದೆ.

ಹಾಗಾಗಿ ನಿಮ್ಮ ಅಣ್ಣನಿಗೆ ಮೊದಲು ಕೇಳಬೇಕಾದ್ದು ಯಾವ ರೈಫಲ್ ಅಂತಲ್ಲ, ಯಾವ ಗುಂಡು ಅಂತ. 60 ಗ್ರೇನ್ ನೋಸ್ಲರ್ ಪಾರ್ಟಿಷನ್, 62 ಗ್ರೇನ್ ಫೆಡರಲ್ ಫ್ಯೂಷನ್, 64 ಗ್ರೇನ್ ವಿಂಚೆಸ್ಟರ್ ಪವರ್ ಪಾಯಿಂಟ್, ಇಲ್ಲವೇ ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್‌ಎಕ್ಸ್ — ಇಂಥದ್ದು ಇರಬೇಕು. ಜೊತೆಗೆ ನಳಿಗೆಯ ಮೇಲೆ ಒತ್ತಿರುವ ಟ್ವಿಸ್ಟ್ ಸಂಖ್ಯೆ ನೋಡಿ; ಎಷ್ಟು ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ ಅನ್ನುವುದು ಅದು. 1:7, 1:8, 1:9 ಇದ್ದರೆ ಮೇಲಿನವು ನಡೆಯುತ್ತವೆ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಹಳೆಯ ರೈಫಲ್‌ಗಳಲ್ಲಿ ಹೆಚ್ಚಾಗಿ 1:12 ಇರುತ್ತದೆ. ಅದು 55 ಗ್ರೇನ್‌ವರೆಗೆ ಸರಿ. ಉದ್ದದ ತಾಮ್ರದ ಗುಂಡಿಗೆ ಆ ತಿರುವು ಸಾಲದೆ ಗಾಳಿಯಲ್ಲೇ ವಾಲಾಡುತ್ತದೆ. ಗುರಿಹಲಗೆಯ ಕಾಗದದಲ್ಲಿ ತೂತು ದುಂಡಗಿರದೆ ಅಡ್ಡಡ್ಡ ಉದ್ದ ಬಿದ್ದರೆ ಅದೇ ಲಕ್ಷಣ. ಮತ್ತೊಂದು: ನಳಿಗೆಯ ಮೇಲೆ .223 ರೆಮಿಂಗ್ಟನ್ ಅಂತ ಮಾತ್ರ ಇದ್ದರೆ 5.56 ನಾಟೋ ತೋಟಾ ಹಾಕಬೇಡಿ, ಒತ್ತಡ ಮಿತಿ ಮೀರಬಹುದು.

ಬೇರೆ ದೇಶಗಳು ಎಲ್ಲಿ ಗೆರೆ ಎಳೆದಿವೆ ಅಂತ ನೋಡಿದರೆ ಈ ತೋಟಾದ ಜಾಗ ಗೊತ್ತಾಗುತ್ತದೆ. ಜರ್ಮನಿಯಲ್ಲಿ ಸಣ್ಣ ರೋ ಜಿಂಕೆಗೆ 100 ಮೀಟರಿನಲ್ಲಿ ಕನಿಷ್ಠ 1,000 ಜೌಲ್ ಇರಬೇಕು. ಕಾಡುಹಂದಿ, ಕೆಂಪುಜಿಂಕೆಗೆ 6.5 ಮಿಲಿಮೀಟರ್ ದಪ್ಪ ಮತ್ತು 2,000 ಜೌಲ್. ಅಷ್ಟು ದೂರದಲ್ಲಿ .223ಕ್ಕೆ ಉಳಿಯುವುದು 1,200 ಜೌಲ್ ಚಿಲ್ಲರೆ. ಇಂಗ್ಲೆಂಡಿನಲ್ಲಿ ಇದನ್ನು ಮುಂಟ್‌ಜಾಕ್, ಚೀನಿ ನೀರುಜಿಂಕೆಯಂಥ ಚಿಕ್ಕವಕ್ಕೆ ಮಾತ್ರ ಬಿಡುತ್ತಾರೆ. ಅಮೆರಿಕದ ಕೊಲರಾಡೋದಲ್ಲಿ ಜಿಂಕೆಗೆ .24ಕ್ಕಿಂತ ಕಡಿಮೆ ನಡೆಯುವುದಿಲ್ಲ. ಟೆಕ್ಸಾಸ್‌ನಲ್ಲಿ ನಿಯಮ ಸಡಿಲ: ಜಿಂಕೆಗೆ .223 ಆಗುತ್ತದೆ, ಆದರೆ .22 ಎಲ್‌ಆರ್‌ನಂಥ ರಿಮ್‌ಫೈರ್ (ಬುಡದ ಅಂಚಿಗೆ ಬಡಿದು ಸಿಡಿಸುವ) ತೋಟಾ ಕೂಡದು. ಕಾನೂನು ಬಿಟ್ಟಿದೆ ಅಂದಮಾತ್ರಕ್ಕೆ ತೋಟಾದ ಬಲ ಹೆಚ್ಚಾಗುವುದಿಲ್ಲ.

"ಬೆಲ್ ಅನ್ನೋ ಬೇಟೆಗಾರ ಆಫ್ರಿಕಾದಲ್ಲಿ ಸಣ್ಣ ರೈಫಲ್‌ನಿಂದಲೇ ಸಾವಿರ ಆನೆ ಹೊಡೆದನಲ್ಲ" ಅಂತ ಯಾರಾದರೂ ವಾದ ತೆಗೆದೇ ತೆಗೆಯುತ್ತಾರೆ. ಹೊಡೆದದ್ದು ನಿಜ. ಅವನ 7×57 (7 ಮಿಲಿಮೀಟರ್ ದಪ್ಪದ) ತೋಟಾದ ಗುಂಡು 173 ಗ್ರೇನ್, ಉದ್ದ, ಗಟ್ಟಿ, ಅರಳದೆ ನೇರ ಹೋಗುವಂಥದ್ದು. ದಪ್ಪಕ್ಕೆ ಹೋಲಿಸಿದ ಭಾರ, ಅಂದರೆ ಸೆಕ್ಷನಲ್ ಡೆನ್ಸಿಟಿ, 0.306. ನಿಮ್ಮ 55 ಗ್ರೇನ್ ಗುಂಡಿನದು 0.157, ಅರ್ಧ. ಮೇಲಾಗಿ ಆನೆಯ ತಲೆಬುರುಡೆಯೊಳಗೆ ಮೆದುಳು ಎಲ್ಲಿದೆ ಅಂತ ಅವನು ಕೊಯ್ದು ನೋಡಿ ಕಲಿತಿದ್ದ. ಅವನ ಉದಾಹರಣೆ ಹಗುರ ತೋಟಾಕ್ಕೆ ಅನ್ವಯಿಸುವುದೇ ಇಲ್ಲ.

ನೀಲಗಾಯಿ ನಮ್ಮ ದೇಶದ್ದೇ. 20ನೇ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್‌ಗೆ ಒಯ್ದು ಬಿಟ್ಟದ್ದು ಅಲ್ಲಿ ಹಬ್ಬಿದೆ. ಬಲಿತ ಗಂಡು 200 ಕೆಜಿ ದಾಟುತ್ತದೆ, ಚರ್ಮ ದಪ್ಪ, ಗಾಯದಿಂದ ರಕ್ತ ಹೊರಗೆ ಬೀಳುವುದು ಕಡಿಮೆ, ಗುಂಡು ತಾಗಿದರೂ ಓಡುತ್ತದೆ. ಅಲ್ಲಿನ ಗೈಡ್‌ಗಳು .300 ವಿಂಚೆಸ್ಟರ್ ಮ್ಯಾಗ್ನಂನಂಥ ಬಲವಾದ ತೋಟಾದ ರೈಫಲ್ ತನ್ನಿ ಅನ್ನುವುದು ಸುಮ್ಮನೆ ಅಲ್ಲ; .30-06ಕ್ಕಿಂತ ಕೆಳಗೆ ಇಳಿಯಬೇಡಿ. ಟೆಕ್ಸಾಸ್‌ನಲ್ಲಿ ನಮ್ಮ ಕೃಷ್ಣಮೃಗವೂ ಇದೆ. ಬೀದರ್ ಕಡೆ ಹೊಲಗಳಲ್ಲಿ ಹಿಂಡು ಕಾಣುತ್ತೇವಲ್ಲ, ಅದೇ ಚಿಗರಿ. ತೂಕ 30-45 ಕೆಜಿ, ಅದಕ್ಕೆ ಅಲ್ಲಿ ಒಳ್ಳೆ ಗುಂಡಿನ .223 ಸಾಕು. ಇಲ್ಲಿ ಅದನ್ನು ಮುಟ್ಟಿದರೆ ಕನಿಷ್ಠ 3 ವರ್ಷ ಜೈಲು, 7ರವರೆಗೂ ಆಗಬಹುದು.

ಈಗ ಹಂದಿಗೆ ಗುರಿ ಎಲ್ಲಿ ಅಂತ. ಜಿಂಕೆಗಾದರೆ ಭುಜದ ಹಿಂದಿನ ಮಡಿಕೆಯಲ್ಲಿ ಇಡಬಹುದು. ಹಂದಿಗೆ ಅಲ್ಲಿ ಇಟ್ಟರೆ ಹೊಟ್ಟೆಗೆ ಹೋಗುವ ಸಂಭವವೇ ಹೆಚ್ಚು. ಅದರ ಹೃದಯ, ಪುಪ್ಪುಸ ಮುಂದಕ್ಕೂ ಕೆಳಗೂ ಇವೆ, ಮುಂಗಾಲುಗಳ ನಡುವೆ. ಪೂರ್ತಿ ಅಡ್ಡ ನಿಂತಾಗ, ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಬಂದು, ಎದೆಯ ಎತ್ತರದ ಮೂರನೇ ಒಂದು ಭಾಗಕ್ಕೆ ನಿಲ್ಲಿ. ಹತ್ತಿರದ ಮುಂಗಾಲು ಮುಂದೆ ಚಾಚುವವರೆಗೆ ಕಾದರೆ ಭುಜದ ಎಲುಬು ದಾರಿ ಬಿಡುತ್ತದೆ. ಬೆನ್ನಿನ ಹತ್ತಿರ ಎತ್ತರಕ್ಕೆ ತಾಗಿದರೆ ಹಂದಿ ದೊಪ್ಪನೆ ಬೀಳುತ್ತದೆ, ಎಲ್ಲರೂ ಖುಷಿಪಡುತ್ತಾರೆ, ಅರ್ಧ ನಿಮಿಷಕ್ಕೆ ಎದ್ದು ಓಡುತ್ತದೆ: ಗುಂಡು ಬೆನ್ನುಹುರಿಯ ಮೇಲಿನ ಮುಳ್ಳೆಲುಬಿಗೆ ತಾಗಿ ಅದಕ್ಕೆ ಬರೀ ಗರ ಬಡಿದಿರುತ್ತದೆ. ಎದುರಿನಿಂದ, ಓರೆಯಾಗಿ, ಹಿಂದಿನಿಂದ .223ರಲ್ಲಿ ಹೊಡೆಯಲೇಬೇಡಿ. ದೂರ 100 ಗಜ, ಬಹಳ ಅಂದರೆ 150. ಬೆಂಚಿನ ಮೇಲಲ್ಲ, ಮಂಡಿಯೂರಿ ಕೂತು 100 ಗಜದಲ್ಲಿ ಐದಕ್ಕೆ ಐದೂ ಗುಂಡು 10 ಸೆಂಟಿಮೀಟರ್ ತಟ್ಟೆಯೊಳಗೆ ಬೀಳದಿದ್ದರೆ ಅದಕ್ಕಿಂತ ಹತ್ತಿರಕ್ಕೆ ಬನ್ನಿ.

ಎಆರ್-15ನಂಥ ಅರೆಸ್ವಯಂಚಾಲಿತ ರೈಫಲ್ ಆದರೆ ಸ್ಕೋಪು ನಳಿಗೆಗಿಂತ ಆರು ಸೆಂಟಿಮೀಟರಿನಷ್ಟು ಮೇಲಿರುತ್ತದೆ. ಹತ್ತು ಹದಿನೈದು ಗಜದಲ್ಲಿ ಗುಂಡು ನೀವು ನೋಡಿದ ಜಾಗಕ್ಕಿಂತ ಸುಮಾರು ಅಷ್ಟೇ ಕೆಳಗೆ ಬೀಳುತ್ತದೆ. ಬಿದ್ದ ಹಂದಿಗೆ ಕೊನೆಯ ಗುಂಡು ಹೊಡೆಯುವಾಗ ಇದನ್ನು ಮರೆತು ದವಡೆ ಮುರಿಯುವವರಿದ್ದಾರೆ.

ಹಗುರ ಗುಂಡು ಆಚೆ ಬದಿಗೆ ದಾಟುವುದು ಕಡಿಮೆ, ಇರುವ ಒಂದು ತೂತನ್ನೂ ಹಂದಿಯ ಕೊಬ್ಬು ಮುಚ್ಚಿಬಿಡುತ್ತದೆ. ಹೀಗಾಗಿ ರಕ್ತದ ಜಾಡು ಸಿಗುವುದು ಕಷ್ಟ. ಅರ್ಧ ಗಂಟೆ ಕಾದು ಹುಡುಕಿ. ನೊರೆನೊರೆ ತಿಳಿಗೆಂಪು ಕಂಡರೆ ಪುಪ್ಪುಸ, ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ರಸ, ವಾಸನೆ ಇದ್ದರೆ ಹೊಟ್ಟೆ. ಇನ್ನೂ ಹಲವು ಗಂಟೆ ಬಿಟ್ಟು ಹೋಗಬೇಕು. ಗಾಯಗೊಂಡ ಹಂದಿಯ ಹಿಂದೆ ಕತ್ತಲಲ್ಲಿ ಪೊದೆಗೆ ನುಗ್ಗಬೇಡಿ.

ನೀವು ವಿಸಿಟರ್ ವೀಸಾದಲ್ಲಿ ಹೋಗುವುದರಿಂದ ಒಂದು ಮಾತು. ಅಮೆರಿಕದ ಫೆಡರಲ್ ಕಾನೂನಿನಂತೆ ಆ ವೀಸಾದವರು ಬಂದೂಕು ಹಿಡಿಯುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಖಾಸಗಿ ಜಮೀನಿನಲ್ಲಿ ಹಂದಿಗೆ ಟೆಕ್ಸಾಸ್ ಲೈಸೆನ್ಸ್ ಕೇಳುವುದಿಲ್ಲ ಅಂತ ನಿಮ್ಮ ಅಣ್ಣ ಹೇಳಬಹುದು. ಅದು ಅವನಿಗೆ ಸರಿ, ನಿಮಗಲ್ಲ. ಹೊರರಾಜ್ಯದವರ ಲೈಸೆನ್ಸ್ ಮಾಡಿಸಿಕೊಂಡೇ ರೈಫಲ್ ಮುಟ್ಟಿ.

ಇನ್ನು ಊರಿನ ಮಾತು. ಸಾಕಿದ ಹಂದಿಯನ್ನು .22ರಿಂದ ಕೊಲ್ಲುತ್ತಾರೆ ಅನ್ನುವುದು ಅಲುಗಾಡದೆ ನಿಂತ ಪ್ರಾಣಿಯ ಹಣೆಗೆ ತೀರ ಹತ್ತಿರದಿಂದ ಹೊಡೆಯುವ ಮಾತು. ರಾತ್ರಿ ಜಾಲಿ ಪೊದೆಯಿಂದ ಬರುವ ಹಂದಿಗೆ ಅದು ಗಾಯ ಮಾತ್ರ ಮಾಡುತ್ತದೆ, ಮುಂಜಾನೆ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳ ಮೇಲೆ ಆ ಗಾಯದ ಹಂದಿ ಬೀಳುತ್ತದೆ. ಮೇಲಾಗಿ ಆ ಸಣ್ಣ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು, ಕಲ್ಲಿಗೆ ತಾಗಿದರೆ ಎತ್ತಲೋ ಚಿಮ್ಮುತ್ತದೆ. ನಮ್ಮ ಬಯಲಿನಲ್ಲಿ ಸುತ್ತಲ ಹೊಲಗಳಲ್ಲಿ ಜನ ಕಾವಲು ಮಲಗಿರುತ್ತಾರೆ.

ಕಾನೂನೂ ಬಿಡುವುದಿಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡಿದರೂ ಕಲಂ 11ರಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ತಪ್ಪಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಬಂದೂಕಿನ ಲೈಸೆನ್ಸೂ ಹೋಗಬಹುದು. ಅಜ್ಜನ ಲೈಸೆನ್ಸ್ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ ಅದು ಬೇರೆಯೇ ಕೇಸು.

ಹೊಲಕ್ಕೆ ಸೋಲಾರ್ ಝಟಕಾ ಬೇಲಿ ಹಾಕಿಸಿ; ಕೆಳಗಿನ ತಂತಿ ನೆಲದಿಂದ 15-20 ಸೆಂಟಿಮೀಟರ್, ಎರಡನೆಯದು 40-45ರಲ್ಲಿ, ಯಾಕಂದರೆ ಹಂದಿ ಮೂತಿಯಿಂದ ನುಗ್ಗುತ್ತದೆ. ಕೆಳತಂತಿಗೆ ಕಳೆ ತಾಗಿದರೆ ಕರೆಂಟು ನೆಲಕ್ಕೆ ಸೋರಿ ಬೇಲಿ ಸತ್ತಂತೆಯೇ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಯ್ಯಬೇಕು. ಲೈನಿನ ಕರೆಂಟನ್ನು ನೇರ ತಂತಿಗೆ ಕೊಡಬೇಡಿ, ಅದರಲ್ಲಿ ಸಾಯುವುದು ಹಂದಿಗಿಂತ ಮೊದಲು ಮನೆಯವರು. ಈಗಾಗಲೇ ಹಾಳಾದ ಶೇಂಗಾಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಕೆದರಿದ ಸಾಲು, ಗೊರಸಿನ ಗುರುತಿನ ಫೋಟೋ ಮಳೆ ಬೀಳುವ ಮೊದಲೇ ತೆಗೆದಿಡಿ, ಅವರು ಬಂದು ಪಂಚನಾಮೆ ಮಾಡುವವರೆಗೆ ಹೊಲ ಹರಗಬೇಡಿ.