ಎದ್ದು ನಿಂತರೆ ಇಂಗ್ಲಿಷ್ ಮರೆತುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ಪಿಯುಸಿವರೆಗೂ ಕನ್ನಡ ಮಾಧ್ಯಮ. ಈಗ ಕಲಬುರಗಿಯಲ್ಲಿ ಬಿ.ಕಾಂ. ಪಾಠ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ. ಸರ್ ಎಬ್ಬಿಸಿ ಕೇಳಿದರೆ ಮಾತ್ರ ಬಾಯಿ ಒಣಗುತ್ತದೆ. 30 ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲೇ?
– ವಿದ್ಯಾರ್ಥಿನಿ, ಶಹಾಪುರ

ಬೇಡಮ್ಮ. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, 30 ದಿನದಲ್ಲಿ ಭಯ ಓಡಿಸುತ್ತೇವೆ ಎಂದು ಗೋಡೆಗೆಲ್ಲ ಅಂಟಿಸುವವರ ಮೇಲೆ. ಬರೆಯಲು ಬರುತ್ತದೆ ಅಂದಮೇಲೆ ಮತ್ತೆ ವ್ಯಾಕರಣ ಕಲಿತು ಏನು ಮಾಡುತ್ತೀರಿ? ನಿಮ್ಮನ್ನು ತಡೆಯುತ್ತಿರುವುದು ಹಿಂದಿನ ಬೆಂಚಿನವರು ನಗುತ್ತಾರೆಂಬ ಅಂಜಿಕೆ. ಅರ್ಧ ಗಮನ ಅತ್ತ ಹೋದರೆ ಪದ ಹೇಗೆ ನೆನಪಾಗಬೇಕು? ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ಈ ಭಯವನ್ನು ಅಳೆಯಲೆಂದೇ 1986ರಲ್ಲಿ 33 ಹೇಳಿಕೆಗಳ ಪಟ್ಟಿ ಮಾಡಿದರು. ಬೇರೆಯವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆಗೆ ಅದರಲ್ಲಿ ದೊಡ್ಡ ಜಾಗವಿದೆ.

ನಮ್ಮ ಬಜಾರದಲ್ಲಿ ಹಿಂದಿ, ಉರ್ದು ಬೆರೆಸಿ ಚೌಕಾಸಿ ಮಾಡುತ್ತೀರಿ, ಅಲ್ವಾ? ಅಲ್ಲಿ ಲಿಂಗ ತಪ್ಪಿದರೂ ಯಾರೂ ತಡೆಯುವುದಿಲ್ಲ. ಹಾಗಾಗಿ ಮಾತು ಬಂತು. ಇಂಗ್ಲಿಷಿಗೂ ಅಂಥ ಜಾಗ ಬೇಕು. ನಗದ ಒಬ್ಬ ಗೆಳತಿಯನ್ನು ಹುಡುಕಿ. ಅವತ್ತಿನ ಪಾಠದ ಒಂದೇ ವಿಷಯವನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ. ಪದ ಸಿಗದಿದ್ದರೆ ಕನ್ನಡದ್ದೇ ಹಾಕಿ ಮುಂದೆ ಹೋಗಿ. ಅದು ಸಲೀಸಾದ ಮೇಲೆ ನಾಲ್ಕು ಜನರ ಮುಂದೆ, ಆಮೇಲೆ ತರಗತಿಯಲ್ಲಿ. ಸೆಮಿನಾರ್ ಇದ್ದರೆ ಪೂರ್ತಿ ಬಾಯಿಪಾಠ ಮಾಡಬೇಡಿ, ಒಂದು ಪದ ತಪ್ಪಿದರೆ ಎಲ್ಲವೂ ನಿಲ್ಲುತ್ತದೆ. ಚೀಟಿಯಲ್ಲಿ ಐದಾರು ಪದ ಸಾಕು. ನಾಳೆ ಯಾವ ಪ್ರಶ್ನೆ ಕೇಳುತ್ತೀರೆಂದು ಸರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಉಪನ್ಯಾಸಕರೇ, ಹುಡುಗಿ ಮಾತಾಡುವಾಗ ಮಧ್ಯೆ ತಿದ್ದಬೇಡಿ. ಮುಗಿಸಲಿ, ಆಮೇಲೆ ಹೇಳಿ. ನಗುವವರನ್ನು ಅಲ್ಲೇ ನಿಲ್ಲಿಸುವುದೂ ನಿಮ್ಮ ಕೆಲಸವೇ.

ಪ್ರಶ್ನೆ: ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾ?
– ಬೀದರ್

ಬೇಡ. ಯಾರೋ ಸುಮ್ನೆ ಹೇಳಿದ್ದು.

ಪ್ರಶ್ನೆ: ಅಮೆರಿಕದವರ ಉಚ್ಚಾರಣೆ ಕಲಿತರೆ ಧೈರ್ಯ ಬರುತ್ತದಾ?
– ಯಾದಗಿರಿ

ಇಲ್ಲ. ಕೇಳಿದವರಿಗೆ ಅರ್ಥವಾದರೆ ಸಾಕು.

ಪ್ರಶ್ನೆ: ವೈವಾಗೆ ಮುಂಚೆ ಗೆಳೆಯ ಕೊಟ್ಟ ಪ್ರೊಪ್ರಾನೊಲಾಲ್ ಮಾತ್ರೆ ನುಂಗಬಹುದಾ?
– ಕಲಬುರಗಿ

ಖಂಡಿತ ಬೇಡ. ಅದು ಎದೆಬಡಿತ ತಗ್ಗಿಸುವ ಮಾತ್ರೆ, ಆಸ್ತಮಾ ಇದ್ದವರಿಗೆ ಅಪಾಯ. ವೈದ್ಯರು ನಿಮ್ಮನ್ನು ನೋಡಿ ಬರೆದುಕೊಡದ ಮಾತ್ರೆ ಮುಟ್ಟಬೇಡಿ. ಭಯದಿಂದ ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ಕಾಲೇಜೇ ತಪ್ಪಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.