ಓದುಗರ ಪ್ರಶ್ನೋತ್ತರ: ಸೋಲುತ್ತಿರುವ ತಂಡಕ್ಕೆ ತವರಿನ ಕೂಗು ಎಷ್ಟು ಆಸರೆ?

ಪ್ರಶ್ನೆ: ನನ್ನ ಮಗಳು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಸೋಲುತ್ತಿದ್ದರೂ ತವರಿನ ಒಂದು ಪಂದ್ಯವನ್ನೂ ಬಿಡುವುದಿಲ್ಲ. ಗಂಟಲು ಕಟ್ಟಿಕೊಂಡು ಮನೆಗೆ ಬಂದು, ‘ನಾವು ಕೂಗಿದ್ದಕ್ಕೇ ಗೆದ್ದರು’ ಅನ್ನುತ್ತಾಳೆ. ಇದರಲ್ಲಿ ನಿಜ ಎಷ್ಟು? (ಎಡಿಸನ್, ನ್ಯೂಜೆರ್ಸಿ)

ಉತ್ತರ: ನಿಜ ಇದೆ. ಆದರೆ ಅವಳು ಅಂದುಕೊಂಡಷ್ಟು ಇಲ್ಲ, ಅಂದುಕೊಂಡ ಕಡೆಯಲ್ಲೂ ಇಲ್ಲ. ಇದನ್ನು ಪರೀಕ್ಷಿಸಲು ರಟ್ಗರ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2015-16ರಲ್ಲಿ ಆ ತಂಡ 7 ಗೆದ್ದು 25 ಸೋತಿತ್ತು. ತಮ್ಮ ಬಿಗ್ ಟೆನ್ ಕಾನ್ಫರೆನ್ಸ್‌ನ (ವಿಶ್ವವಿದ್ಯಾಲಯಗಳ ಲೀಗ್) 18 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಕೋಚ್ ಸ್ಟೀವ್ ಪೈಕಿಯೆಲ್ 2016ರಲ್ಲಿ ಬಂದ ಮೇಲೂ ಮೂರು ವರ್ಷ ಸೋಲೇ ಹೆಚ್ಚು. 2019-20ರಲ್ಲಿ ಅದೇ ತಂಡ ತವರಿನಲ್ಲಿ 18 ಗೆದ್ದು ಒಂದನ್ನಷ್ಟೇ ಸೋತಿತು. ಹೊರಗೆ ಹೋದಾಗ ಮಾತ್ರ ಪರದಾಡಿತು.

ಪಿಸ್ಕಾಟವೇಯಲ್ಲಿರುವ ರಟ್ಗರ್ಸ್‌ನ ತವರು ಕ್ರೀಡಾಂಗಣ 1977ರದು. ಸುಮಾರು 8,000 ಆಸನ, ಇಳಿಜಾರಾದ ಗೋಡೆ-ಚಾವಣಿ, ಕೋರ್ಟಿಗೆ ತೀರಾ ಹತ್ತಿರದ ಸಾಲುಗಳು. ಸದ್ದು ಮೇಲಕ್ಕೆ ಹೋಗಿ ಕರಗದೆ ತಿರುಗಿ ಕೆಳಗೇ ಬೀಳುತ್ತದೆ. ಇದರ ಎರಡು ಪಟ್ಟು ದೊಡ್ಡ, ಅರ್ಧ ಖಾಲಿ ಇರುವ ಕ್ರೀಡಾಂಗಣಕ್ಕಿಂತ ಇಲ್ಲಿನ ತುಂಬಿದ 8,000 ಜನರ ಕೂಗು ಎದುರಾಳಿಯನ್ನು ಹೆಚ್ಚು ಕಾಡುತ್ತದೆ.

ಈಗ ಇನ್ನೊಂದು ಮುಖ ನೋಡಿ. 2021ರ ನವೆಂಬರ್ 22ರಂದು ಇದೇ ತವರಿನಲ್ಲಿ, ಲಾಫಯೆಟ್ ಎಂಬ ಚಿಕ್ಕ ಕಾಲೇಜಿಗೆ ರಟ್ಗರ್ಸ್ 53-51ರಿಂದ ಸೋತಿತು. ಡಿಸೆಂಬರ್ 9ರಂದು, ಆಗಷ್ಟೇ ದೇಶದ ನಂಬರ್ 1 ಪಟ್ಟಕ್ಕೇರಿದ್ದ ಪರ್ಡ್ಯೂ ಅದೇ ಕೋರ್ಟಿನಲ್ಲಿ 70-68ಕ್ಕೆ ಸೋತಿತು. ರಾನ್ ಹಾರ್ಪರ್ ಜೂನಿಯರ್ ಅರ್ಧ ಕೋರ್ಟಿನ ಹತ್ತಿರದಿಂದ ಎಸೆದ ಚೆಂಡು, ಆಟ ಮುಗಿದ ಗಂಟೆ ಮೊಳಗುತ್ತಿದ್ದಂತೆ ರಿಂಗಿನೊಳಗೆ ಬಿತ್ತು. ನಡುವೆ ಇದ್ದದ್ದು ಮೂರು ವಾರವೂ ಅಲ್ಲ. ತಂಡ ಅದೇ, ಕಟ್ಟಡ ಅದೇ. ತವರು ಎಂಬ ಕಾರಣವೊಂದೇ ಗೆಲ್ಲಿಸುವುದಾಗಿದ್ದರೆ ಲಾಫಯೆಟ್ ವಿರುದ್ಧವೂ ಗೆಲ್ಲಬೇಕಿತ್ತು.

ನಮ್ಮ ತಿಳಿವಳಿಕೆ ಇದು: ಕೂಗು ಕಾಲಿನ ಕೆಲಸಕ್ಕೆ ನೆರವಾಗುತ್ತದೆ, ಬೆರಳ ತುದಿಯ ಕೆಲಸಕ್ಕೆ ಆಗುವುದಿಲ್ಲ. ಓಡಿ ಬಂದು ಡಿಫೆನ್ಸ್‌ಗೆ ನಿಲ್ಲುವುದು, ರಿಬೌಂಡಿಗೆ (ತಪ್ಪಿ ಪುಟಿದ ಚೆಂಡಿಗೆ) ಎರಡನೇ ಸಲ ಎಗರುವುದು, ಸಡಿಲವಾದ ಚೆಂಡಿಗೆ ನೆಲಕ್ಕೆ ಬೀಳುವುದು, ಇವೆಲ್ಲ ದಣಿದ ಆಟಗಾರ ಬಿಟ್ಟುಬಿಡುವ ಕೆಲಸಗಳು. ಜನ ಎದ್ದು ನಿಂತಾಗ ಅವನು ಬಿಡುವುದಿಲ್ಲ. ಶೂಟಿಂಗ್ ಹಾಗಲ್ಲ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೂಲ್ (ಬಿಲಿಯರ್ಡ್ಸ್ ಬಗೆಯ ಮೇಜಿನ ಆಟ) ಆಡುತ್ತಿದ್ದವರನ್ನು ಮೊದಲು ಅವರಿಗೆ ತಿಳಿಯದಂತೆ ಗಮನಿಸಿ, ಆಮೇಲೆ ನಾಲ್ವರು ಹತ್ತಿರ ಬಂದು ನಿಂತು ನೋಡಿದರು. ಚೆನ್ನಾಗಿ ಆಡುವವರ ನಿಖರತೆ ಶೇ 71ರಿಂದ 80ಕ್ಕೆ ಏರಿತು. ಕಚ್ಚಾ ಆಟಗಾರರದು ಶೇ 36ರಿಂದ 25ಕ್ಕೆ ಇಳಿಯಿತು. ಮೈಗೂಡಿದ ಕೌಶಲ ಜನರೆದುರು ಇನ್ನೂ ಹರಿತವಾಗುತ್ತದೆ, ಮೈಗೂಡದ್ದು ಇನ್ನೂ ಹದಗೆಡುತ್ತದೆ. ಸೋಲುತ್ತಿರುವ ತಂಡದಲ್ಲಿ ಮೈಗೂಡದ್ದೇ ಹೆಚ್ಚು ಇರುತ್ತದೆ, ಹಾಗಾಗಿ ಕೂಗಿನಿಂದ ಅದಕ್ಕೆ ಲಾಭದ ಜೊತೆ ಅಪಾಯವೂ ಇದೆ.

ಅಂಕಗಳ ಲೆಕ್ಕದಲ್ಲಿ ಹೇಳುವುದಾದರೆ, ಅಮೆರಿಕದ ಕಾಲೇಜು ಆಟದಲ್ಲಿ ತವರಿನ ಅನುಕೂಲ ಸರಾಸರಿ ಸುಮಾರು 3 ಅಂಕ. ಪ್ರಯಾಣದ ದಣಿವು, ಪರಿಚಿತ ರಿಂಗು, ರೆಫರಿಯ ಮೇಲಿನ ಒತ್ತಡ ಎಲ್ಲ ಸೇರಿ ಅಷ್ಟು. 12 ಅಂಕದಷ್ಟು ದುರ್ಬಲವಾದ ತಂಡವನ್ನು ಅದು ದಡ ಸೇರಿಸದು. 2 ಅಂಕದಷ್ಟು ಹಿಂದಿರುವ ತಂಡಕ್ಕೆ ಅದೇ ಸಾಕು. ಒಂದು ಎಚ್ಚರಿಕೆ: ನವೆಂಬರ್-ಡಿಸೆಂಬರಿನ ತವರಿನ ಗೆಲುವುಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡ ವಿಶ್ವವಿದ್ಯಾಲಯಗಳು ಆ ತಿಂಗಳುಗಳಲ್ಲಿ ಹಣ ಕೊಟ್ಟು ಚಿಕ್ಕ ತಂಡಗಳನ್ನು ತಮ್ಮಲ್ಲಿಗೆ ಕರೆಸಿಕೊಳ್ಳುತ್ತವೆ. ಕಾನ್ಫರೆನ್ಸ್ ಪಂದ್ಯಗಳಲ್ಲಿ ಒಂದೇ ಎದುರಾಳಿಯ ಜೊತೆ ಒಳಗೆ ಹೇಗೆ, ಹೊರಗೆ ಹೇಗೆ ಎಂದು ಹೋಲಿಸಿ.

ಮಗಳಿಗೆ ಇದನ್ನೂ ಹೇಳಿ. 30 ವರ್ಷಗಳ ನಂತರ ರಟ್ಗರ್ಸ್ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಪಡೆದದ್ದು 2021ರಲ್ಲಿ, ಕೋವಿಡ್‌ನಿಂದಾಗಿ ಋತುವಿನ ಬಹುಪಾಲು ಗ್ಯಾಲರಿ ಖಾಲಿ ಇದ್ದ ವರ್ಷ. ಆ ತಂಡ ಕಲಿತಿದ್ದ ಡಿಫೆನ್ಸ್ ಜನರಿಲ್ಲದಿದ್ದರೂ ಉಳಿದಿತ್ತು. 2024-25ರಲ್ಲಿ ಇದಕ್ಕೆ ತದ್ವಿರುದ್ಧ. ಆ ವರ್ಷ ತಂಡದಲ್ಲಿದ್ದ ಡಿಲನ್ ಹಾರ್ಪರ್ ಮತ್ತು ಏಸ್ ಬೇಲಿ ಮುಂದೆ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆ) 2 ಮತ್ತು 5ನೆಯವರಾಗಿ ಆಯ್ಕೆಯಾದರು. ಅಂಥ ಇಬ್ಬರಿದ್ದೂ, ಅದೇ ಕ್ರೀಡಾಂಗಣವಿದ್ದೂ ತಂಡ 15 ಗೆದ್ದು 17 ಸೋತಿತು.

ಪ್ರಶ್ನೆ: ಹಾಗಾದರೆ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು? ಇಡೀ ಎರಡು ಗಂಟೆ ಕೂಗಲು ಆಗುವುದಿಲ್ಲ. (ಪ್ರಿನ್ಸ್‌ಟನ್, ನ್ಯೂಜೆರ್ಸಿ)

ಉತ್ತರ: ಕೂಗಲೂಬಾರದು. ಎರಡು ತಂಡಕ್ಕೂ ಒಂದು ಪಂದ್ಯದಲ್ಲಿ ಸುಮಾರು 70 ಸಲ ಚೆಂಡು ಸಿಗುತ್ತದೆ. ಎಲ್ಲಕ್ಕೂ ಒಂದೇ ಸಮ ಕೂಗಿದರೆ ಹತ್ತು ನಿಮಿಷದಲ್ಲಿ ಎದುರಾಳಿಯ ಕಿವಿ ಒಗ್ಗಿಹೋಗುತ್ತದೆ. ಏರಿಳಿತವೇ ಕಾಡುವುದು.

ಮೊದಲು, ಚೆಂಡು ಎದುರಾಳಿಯ ಕೈಗೆ ಹೋದಾಗ ಕೂಗಿ. ಪುರುಷರ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ (ಶೂಟ್ ಮಾಡಲು ಇರುವ ಗಡುವು) 30 ಸೆಕೆಂಡ್. ಮೊದಲ 15 ಸೆಕೆಂಡ್ ಸಾಧಾರಣ ಸದ್ದು, ಕೊನೆಯ 10ರಲ್ಲಿ ಎಲ್ಲರೂ ಎದ್ದು ನಿಲ್ಲಬೇಕು. ಕೋಚ್ ಹೊಸ ಪ್ಲೇ (ಆಡುವ ಯೋಜನೆ) ಹೇಳುವುದು ಆ ಹೊತ್ತಿನಲ್ಲೇ, ಅದು ಆಟ ನಡೆಸುವ ಪಾಯಿಂಟ್ ಗಾರ್ಡ್‌ಗೆ ಕೇಳಿಸಬಾರದು. ನಮ್ಮವರು ಫುಲ್ ಕೋರ್ಟ್ ಪ್ರೆಸ್ ಹಾಕಿದರೆ (ಇಡೀ ಕೋರ್ಟಿನಲ್ಲಿ ಎದುರಾಳಿಯನ್ನು ಅಡ್ಡಗಟ್ಟಿದರೆ) ಮೊದಲ ಸೆಕೆಂಡಿನಿಂದಲೇ ಕೂಗಿ, 10 ಸೆಕೆಂಡಿನೊಳಗೆ ಅವರು ಅರ್ಧ ಗೆರೆ ದಾಟಲೇಬೇಕು. ವಿದ್ಯಾರ್ಥಿಗಳ ಮುಂದಿನ ಬೇಸ್‌ಲೈನ್‌ನಿಂದ (ರಿಂಗಿನ ಹಿಂದಿನ ಗೆರೆ) ಎದುರಾಳಿ ಚೆಂಡು ಒಳಗೆ ಹಾಕುವಾಗ ಅವನಿಗೆ ಸಿಗುವುದು 5 ಸೆಕೆಂಡ್. ಕೂಗಿನ ಅತಿ ಹೆಚ್ಚಿನ ಬೆಲೆ ಇರುವುದು ಅಲ್ಲಿ.

ಚೆಂಡು ನಮ್ಮವರ ಕೈಗೆ ಬಂದ ಕೂಡಲೇ ದನಿ ಇಳಿಸಿ. ನಮ್ಮವರ ಫ್ರೀ ಥ್ರೋಗೆ (ಫೌಲಿಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಪೂರ್ತಿ ಮೌನ.

ಪಂದ್ಯ ಪ್ರಸಾರವಾಗುತ್ತಿದ್ದರೆ ಪ್ರತಿ ಅರ್ಧದಲ್ಲೂ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದು ಆಟ ನಿಂತಾಗ ಟೈಮ್‌ಔಟ್ ಬರುತ್ತದೆ. ಉಸಿರು ತೆಗೆದುಕೊಳ್ಳಿ, ನೀರು ಕುಡಿಯಿರಿ, ಆ ಹೊತ್ತನ್ನು ಬ್ಯಾಂಡ್ ನೋಡಿಕೊಳ್ಳಲಿ. ಆಟ ನಡೆಯುವಾಗ ಬ್ಯಾಂಡ್, ಧ್ವನಿವರ್ಧಕ, ಕೃತಕ ಸದ್ದಿನ ಸಾಧನ ಯಾವುದೂ ನಿಯಮಕ್ಕೆ ಒಪ್ಪುವುದಿಲ್ಲ. ನಮ್ಮವರು ಸಾಲಾಗಿ ಏಳೆಂಟು ಅಂಕ ಗಳಿಸಿದಾಗ ಎದುರಾಳಿ ಕೋಚ್ ತಾನಾಗಿ ಟೈಮ್‌ಔಟ್ ಕೇಳಿದರೆ ನಿಮ್ಮ ಕೂಗು ತಲುಪಿದೆ ಎಂದರ್ಥ. ಟೈಮ್‌ಔಟ್ ಮುಗಿದ ಮೇಲೆ ಎದುರಾಳಿಗೆ ಮೊದಲ ಸಲ ಚೆಂಡು ಸಿಗುವ ಹೊತ್ತಿಗೆ ದನಿ ಉಳಿಸಿಕೊಂಡಿರಿ. ಅವರು ಬರೆದು ತಂದ ಪ್ಲೇ ಬರುವುದು ಆಗ.

ಪ್ರಶ್ನೆ: ಡೆಸಿಬಲ್ ದಾಖಲೆಗಳ ಬಗ್ಗೆ ಓದಿದೆ. ಹೆಚ್ಚು ಸದ್ದು ಮಾಡಿದವರೇ ಗೆಲ್ಲುತ್ತಾರೆಯೇ? (ಕಾನ್ಸಸ್ ಸಿಟಿ)

ಉತ್ತರ: ನಿಮ್ಮ ಪಕ್ಕದ ಊರು ಲಾರೆನ್ಸ್‌ನ ಕಾನ್ಸಸ್ ವಿಶ್ವವಿದ್ಯಾಲಯದ ತಂಡವೇ ಎರಡೂ ಬಗೆಯ ಉತ್ತರ ಕೊಟ್ಟಿದೆ. 2017ರ ಜನವರಿ 28ರಂದು ಕೆಂಟಕಿಯ ರಪ್ ಅರೀನಾದಲ್ಲಿ 126.4 ಡೆಸಿಬಲ್ ದಾಖಲಾಯಿತು. ಆ ಪಂದ್ಯವನ್ನು 79-73ರಿಂದ ಗೆದ್ದದ್ದು ಪ್ರವಾಸಿ ತಂಡ ಕಾನ್ಸಸ್. ಎರಡು ವಾರ ಕಳೆದು ಫೆಬ್ರವರಿ 13ರಂದು ಕಾನ್ಸಸ್‌ನ ತವರಾದ ಲಾರೆನ್ಸ್‌ನ ಆಲೆನ್ ಫೀಲ್ಡ್‌ಹೌಸ್‌ನಲ್ಲಿ 130.4 ಡೆಸಿಬಲ್ ಆಗಿ ದಾಖಲೆ ಮುರಿಯಿತು. ಅಂದು ವೆಸ್ಟ್ ವರ್ಜೀನಿಯಾ ವಿರುದ್ಧ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಕಾನ್ಸಸ್ 14 ಅಂಕ ಹಿಂದಿತ್ತು, ಕೊನೆಗೆ ಓವರ್‌ಟೈಮ್‌ನಲ್ಲಿ 84-80ಕ್ಕೆ ಗೆದ್ದಿತು. ಅಂಥ ಬೆನ್ನಟ್ಟುವಿಕೆಯಲ್ಲಿ ಪ್ರೆಸ್, ಟರ್ನೋವರ್ (ಶೂಟ್ ಮಾಡುವ ಮೊದಲೇ ಚೆಂಡು ಕಳೆದುಕೊಳ್ಳುವುದು), ಅವಸರದ ಪಾಸ್ ಇವೇ ಆಟ. ಕೂಗು ಕೆಲಸ ಮಾಡುವುದು ಅಲ್ಲಿಯೇ. ಆರಂಭದಲ್ಲೇ ಶಿಖರ ಮುಟ್ಟಿದ ಸದ್ದಿಗೆ ಆ ಲಾಭ ಸಿಗದು. ಅಂದಹಾಗೆ, ಆ ಮಟ್ಟದ ಸದ್ದಿನಲ್ಲಿ ಮಕ್ಕಳ ಕಿವಿಗೆ ರಕ್ಷಣೆ ಬೇಕೇ ಬೇಕು, ಫೋಮಿನ ಇಯರ್‌ಪ್ಲಗ್ ಜೇಬಿನಲ್ಲಿರಲಿ.

ಪ್ರಶ್ನೆ: ಎದುರಾಳಿ ಫ್ರೀ ಥ್ರೋ ಎಸೆಯುವಾಗ ರಿಂಗಿನ ಹಿಂದೆ ಕುಣಿಯುವುದರಿಂದ ಪ್ರಯೋಜನವಿದೆಯೇ? (ಟೆಂಪಿ, ಅರಿಜೋನಾ)

ಉತ್ತರ: ನಿಮ್ಮ ಊರಿನ ಅರಿಜೋನಾ ಸ್ಟೇಟ್ ವಿದ್ಯಾರ್ಥಿಗಳು 2013ರಿಂದ ಪರದೆ ಸರಿಸಿ ವಿಚಿತ್ರ ವೇಷಗಳನ್ನು ತೋರಿಸುತ್ತಿದ್ದಾರೆ. 2016ರ ಜನವರಿಯಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಪದಕಗಳನ್ನು ಧರಿಸಿ ಪರದೆಯಿಂದ ಹೊರಬಂದಾಗ ಆರೆಗನ್ ಸ್ಟೇಟ್ ಆಟಗಾರ ಎರಡೂ ಎಸೆತ ತಪ್ಪಿಸಿದ. ನೋಡಲು ಸೊಗಸು. ಲೆಕ್ಕ ಮಾತ್ರ ಚಿಕ್ಕದು. ಎದುರಾಳಿಗೆ 20 ಫ್ರೀ ಥ್ರೋ ಸಿಕ್ಕವು ಅನ್ನಿ. ಅರ್ಧ ಮುಗಿದ ಮೇಲೆ ರಿಂಗು ಬದಲಾಗುವುದರಿಂದ ನಿಮ್ಮ ಕಡೆ ಬರುವುದು ಸುಮಾರು 10. ಶೇ 70ರಷ್ಟು ಹಾಕುವವರು 65ಕ್ಕೆ ಇಳಿದರೂ ಉಳಿಯುವುದು ಅರ್ಧ ಅಂಕ. ಅದೇ ಜನ ಡಿಫೆನ್ಸ್ ವೇಳೆ ಕೂಗಿ ಮೂರು ಟರ್ನೋವರ್ ಹೆಚ್ಚು ಮಾಡಿಸಿದರೆ ಎದುರಾಳಿ ಸುಮಾರು 3 ಅಂಕ ಕಳೆದುಕೊಳ್ಳುತ್ತಾನೆ, ಮೇಲೆ ನಮ್ಮವರಿಗೆ ಲೇ-ಅಪ್‌ಗಳೂ (ರಿಂಗಿನ ಹತ್ತಿರದಿಂದ ಹಾಕುವ ಸುಲಭ ಎಸೆತ) ಸಿಗಬಹುದು. ಶಕ್ತಿ ಎಲ್ಲಿ ಖರ್ಚು ಮಾಡಬೇಕೆಂಬುದು ಇದರಿಂದ ಸ್ಪಷ್ಟ.

ಪ್ರಶ್ನೆ: ರೆಫರಿಗಳು ಕೂಗಿಗೆ ಬಗ್ಗುತ್ತಾರೆಯೇ? (ದಾವಣಗೆರೆ)

ಉತ್ತರ: ಸ್ವಲ್ಪ. 2002ರಲ್ಲಿ ಪ್ರಕಟವಾದ ಫುಟ್‌ಬಾಲ್ ಅಧ್ಯಯನವೊಂದರಲ್ಲಿ 40 ರೆಫರಿಗಳಿಗೆ ಅದೇ ಟ್ಯಾಕಲ್‌ಗಳ ವೀಡಿಯೊ ತೋರಿಸಿದರು, ಕೆಲವರಿಗೆ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರಿನ ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಇದು ಮೋಸವಲ್ಲ. ಅನುಮಾನದ ಕ್ಷಣದಲ್ಲಿ ಮನಸ್ಸು ಸುತ್ತಲಿನ ಸೂಚನೆಯನ್ನು ಹಿಡಿಯುತ್ತದೆ. ಆದರೆ ರೆಫರಿಯನ್ನು ಬೈಯುವುದು ಬೇರೆ. ಕೋರ್ಟಿಗೆ ಏನಾದರೂ ಎಸೆದರೆ ತವರಿನ ತಂಡಕ್ಕೇ ಟೆಕ್ನಿಕಲ್ ಫೌಲ್ (ಎದುರಾಳಿಗೆ ಫ್ರೀ ಥ್ರೋ ಕೊಡುವ ಶಿಕ್ಷೆ) ಬೀಳಬಹುದು. ಹಿಂದಿರುವ ತಂಡದ ಎದುರಾಳಿಗೆ ಅಭಿಮಾನಿಗಳೇ ಅಂಕ ಕೊಟ್ಟಂತೆ.

ಪ್ರಶ್ನೆ: ನಾನು ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ. ನಮ್ಮ ಹುಡುಗರು ಹೊರಗೆ ತಕ್ಕಮಟ್ಟಿಗೆ ಆಡುತ್ತಾರೆ. ನಮ್ಮದೇ ಕೋರ್ಟಿನಲ್ಲಿ, ಇಡೀ ಕಾಲೇಜು ಸೇರಿದಾಗ, ಮೊದಲ ಕ್ವಾರ್ಟರ್‌ನಲ್ಲೇ ಎಡವುತ್ತಾರೆ. ಏನು ಮಾಡಲಿ? (ಮೈಸೂರು)

ಉತ್ತರ: ಸರ್, ಇದು ನೀವು ಅಂದುಕೊಂಡಷ್ಟು ಅಪರೂಪವಲ್ಲ. ಗೆಳೆಯರೆದುರು ಮೆರೆಯುವ ಆಸೆ ಮೊದಲ ಐದು ನಿಮಿಷದಲ್ಲಿ ಮೂರು ತಪ್ಪು ಮಾಡಿಸುತ್ತದೆ: ಚೆಂಡು ಕಸಿದ ಕೂಡಲೇ ದೂರದಿಂದ ತ್ರೀ ಪಾಯಿಂಟರ್, ಕೈ ಚಾಚಿ ಮಾಡುವ ಅನಗತ್ಯ ಫೌಲ್, ಒಬ್ಬನೇ ಡ್ರಿಬಲ್ ಮಾಡಿಕೊಂಡು ಮೂವರ ನಡುವೆ ನುಗ್ಗುವುದು. ನೀವು ಆಡುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಕ್ವಾರ್ಟರ್ 10 ನಿಮಿಷ. ಆ ಅವಧಿಯಲ್ಲಿ ತಂಡದ 5ನೇ ಫೌಲಿನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಆರಂಭದ ಹುಮ್ಮಸ್ಸಿನಲ್ಲಿ ನಾಲ್ಕು ಫೌಲ್ ಮುಗಿಸಿಕೊಂಡರೆ ಉಳಿದ ಆರೇಳು ನಿಮಿಷ ಕೈಕಟ್ಟಿದಂತೆ.

ಪಂದ್ಯಕ್ಕೆ ಎರಡು ವಾರ ಮೊದಲಿನಿಂದ ಹೀಗೆ ಮಾಡಿ. ಅಭ್ಯಾಸದ ಕೊನೆಯ 20 ನಿಮಿಷ ಕೋರ್ಟಿನ ಪಕ್ಕ ಸ್ಪೀಕರ್ ಇಟ್ಟು ಗದ್ದಲದ ರೆಕಾರ್ಡಿಂಗ್ ಹಾಕಿ, ಇಲ್ಲವೇ ಜೂನಿಯರ್ ಹುಡುಗರನ್ನು ಸುತ್ತ ನಿಲ್ಲಿಸಿ ಕೂಗಿಸಿ. ಆಗ ನಿಮ್ಮ ಡಿಫೆನ್ಸ್‌ನ ದೊಡ್ಡ ತೂತು ಕಾಣಿಸುತ್ತದೆ: ಸ್ಕ್ರೀನ್ (ಎದುರಾಳಿ ದಾರಿಗೆ ಅಡ್ಡ ನಿಲ್ಲುವುದು) ಬಂತು ಎಂದು ಹಿಂದಿನವನು ಹೇಳಿದ್ದು ಮುಂದಿನವನಿಗೆ ಕೇಳುವುದಿಲ್ಲ. ಎದುರಾಳಿಯ ಕಿವಿ ಮುಚ್ಚುವ ಸದ್ದು ನಮ್ಮವರದನ್ನೂ ಮುಚ್ಚುತ್ತದೆ, ಇದನ್ನು ಮರೆತ ತಂಡಗಳೇ ಹೆಚ್ಚು. ಮಾತಿನ ಬದಲು ಸ್ಪರ್ಶ ಮತ್ತು ಕೈಸನ್ನೆ ಕಲಿಸಿ. ಸ್ಕ್ರೀನ್ ಎಡಕ್ಕಾದರೆ ಎಡ ಸೊಂಟ ತಟ್ಟುವುದು, ಬಲಕ್ಕಾದರೆ ಬಲ. ನಾಲ್ಕು ಪ್ಲೇಗೆ ನಾಲ್ಕು ಕೈಸನ್ನೆ ಸಾಕು, ಹತ್ತು ಬೇಡ.

ಅಟ್ಯಾಕ್‌ಗೆ ಒಂದೇ ನಿಯಮ ಇಡಿ: ಖಾಲಿ ಲೇ-ಅಪ್ ಸಿಗದಿದ್ದರೆ, ಚೆಂಡು ಒಮ್ಮೆಯಾದರೂ ರಿಂಗಿನ ಹತ್ತಿರದವನ ಕೈಗೆ ಹೋಗಿ ಬರುವವರೆಗೆ ಯಾರೂ ಶೂಟ್ ಮಾಡುವಂತಿಲ್ಲ. 24 ಸೆಕೆಂಡಿನಲ್ಲಿ ಇದಕ್ಕೆ ಬೇಕಾದಷ್ಟು ಹೊತ್ತಿದೆ. ಮೊದಲ ಎರಡು ಪ್ಲೇ ಏನೆಂದು ಹಿಂದಿನ ದಿನವೇ ಹೇಳಿಬಿಡಿ, ಕೋರ್ಟಿಗಿಳಿದ ಮೇಲೆ ಯೋಚಿಸುವ ಹೊರೆ ಇರಬಾರದು. ಫ್ರೀ ಥ್ರೋಗೆ ಪ್ರತಿಯೊಬ್ಬನಿಗೂ ಬದಲಾಗದ ಕ್ರಮ ಬೇಕು. ಎರಡು ಸಲ ಚೆಂಡು ಪುಟಿಸುವುದು, ಒಂದು ಉಸಿರು, ಕಣ್ಣು ರಿಂಗಿನ ಮೇಲೆ, ಎಸೆತ. ಅಮೆರಿಕದ ಕಾಲೇಜು ನಿಯಮದಲ್ಲಿ ಇದಕ್ಕೆ 10 ಸೆಕೆಂಡ್ ಇದೆ, ನಿಮಗೆ ಇರುವುದು 5 ಮಾತ್ರ. ಗಡಿಯಾರ ಹಿಡಿದೇ ಅಭ್ಯಾಸ ಮಾಡಿಸಿ.

ಇನ್ನು ಜನರ ವಿಷಯ. ನಿಮ್ಮದು ತೆರೆದ ಕೋರ್ಟು ಆಗಿದ್ದರೆ ಸದ್ದನ್ನು ಹಿಂದಕ್ಕೆ ತಳ್ಳುವ ಗೋಡೆ-ಚಾವಣಿ ಇರುವುದಿಲ್ಲ, ಚದುರಿ ನಿಂತ 500 ಜನಕ್ಕಿಂತ ಒತ್ತಾಗಿ ನಿಂತ 100 ಜನರ ದನಿ ಹೆಚ್ಚು ತಲುಪುತ್ತದೆ. ಗೆರೆಯಿಂದ 2 ಮೀಟರ್ ಜಾಗ ಖಾಲಿ ಬಿಟ್ಟು, ದ್ವಿತೀಯಾರ್ಧದಲ್ಲಿ ಎದುರಾಳಿ ಶೂಟ್ ಮಾಡುವ ರಿಂಗಿನ ಕಡೆ ಅವರನ್ನು ಸೇರಿಸಿ. ತಮಟೆ ಟೈಮ್‌ಔಟಿಗೆ ಮಾತ್ರ ಇರಲಿ. ಸೀಟಿಗೆ ಅವಕಾಶವೇ ಬೇಡ, ರೆಫರಿಯದೆಂದು ತಿಳಿದು ನಿಮ್ಮ ಹುಡುಗನೇ ಓಟ ನಿಲ್ಲಿಸುತ್ತಾನೆ. ಸ್ವಂತ ಆಟಗಾರನ ಹೆಸರು ಹಿಡಿದು ಗೇಲಿ ಮಾಡುವುದನ್ನು ಕಟ್ಟುನಿಟ್ಟಾಗಿ ತಡೆಯಿರಿ. ಎದುರಾಳಿಯ ಹತ್ತು ಬೈಗುಳವನ್ನು ನುಂಗಿಕೊಳ್ಳುವ ಹುಡುಗ ತನ್ನದೇ ತರಗತಿಯವರ ಒಂದು ಮಾತಿಗೆ ಮುಂದಿನ ಶೂಟ್ ಮಾಡಲು ಹೆದರುತ್ತಾನೆ, ಚೆಂಡು ಬಂದ ಕೂಡಲೇ ಪಕ್ಕದವನಿಗೆ ದಾಟಿಸಿಬಿಡುತ್ತಾನೆ. ಅಂಥವನು ಕಂಡರೆ ಬೆಂಚಿಗೆ ಕರೆದು ಎರಡು ನಿಮಿಷ ಕೂರಿಸಿ, ಮರಳಿ ಕಳಿಸುವಾಗ ಶೂಟಿಂಗ್ ಮಾತೇ ಎತ್ತದೆ ಒಂದು ಡಿಫೆನ್ಸ್ ಕೆಲಸ ಕೊಟ್ಟು ಕಳಿಸಿ.